ಮನೆಯ ಯಂತ್ರಗಳು: ಗಾಳಿಪಿಸ್ತೂಲಿನ ಜೀರ್ಣೋದ್ಧಾರ

ಕಳೆದ ತಿಂಗಳು ಹೊಲಿಗೆಯಂತ್ರದ ವಿಚಾರವಾಗಿ ನಾವು ಬರೆದುದನ್ನು ಓದಿದ ವಾಚಕರೊಬ್ಬರು, “ನಮ್ಮ ಮನೆಯಲ್ಲಿ ಹುಡುಗರ ಗಾಳಿಪಿಸ್ತೂಲೊಂದು ಮೂಲೆಗೆ ಬಿದ್ದಿದೆ, ಅದಕ್ಕೂ ಅದೇ ಎಣ್ಣೆ ಸಾಕೆ?” ಎಂದು ಕೇಳಿ ಕಾಗದ ಬರೆದಿರುವರು. ಸಾಲದೆಂಬುದು ಮಾತ್ರವಲ್ಲ, ಆ ಎಣ್ಣೆಯೇ ಅದಕ್ಕೆ ಶತ್ರು. ಈ ಮಾತನ್ನು ನಾವು ಗ್ರಂಥವನ್ನೋದಿ ಕಲಿತವರಲ್ಲ, ಪೆಟ್ಟು ತಿಂದು ಕಲಿತವರು. ಆದುದರಿಂದ ಈ ಸಲದ ಪುಟವನ್ನು ಇದಕ್ಕೇ ಮೀಸಲಿಡುವೆವು.

ನಮ್ಮ ದೌಹಿತ್ರನಿಗೆ ಹದಿನಾಲ್ಕು ವರ್ಷ. ೨೦೨೪ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನ ೧೦ ಮೀಟರ್ ಏರ್ ಪಿಸ್ತೂಲು ಸ್ಪರ್ಧೆಯಲ್ಲಿ ಮನು ಭಾಕರ್ ಕಂಚಿನ ಪದಕವನ್ನು ಪಡೆದಂದಿನಿಂದ ಅವನಿಗೆ ಇದೇ ಧ್ಯಾನ. ಬೆಂಗಳೂರಿನವರೇ ಆದ ಪ್ರಕಾಶ್ ನಂಜಪ್ಪನವರು ೨೦೧೩ರಲ್ಲಿ ಕೊರಿಯಾದಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಇದೇ ಸ್ಪರ್ಧೆಯ ಕಂಚನ್ನು ಗೆದ್ದಿದ್ದರೆಂದು ಹೇಳಿ, ಉರಿಯುವ ಬೆಂಕಿಗೆ ತುಪ್ಪ ಹೊಯ್ದವರು ನಾವೇ. ಆದರೆ ಅಂಥವರ ಕೈಯ ಪಿಸ್ತೂಲು ಒತ್ತಿ ತುಂಬಿಟ್ಟ ಗಾಳಿಯಿಂದ ನಡೆಯತಕ್ಕದ್ದು. ಬೆಲೆ ಲಕ್ಷವನ್ನು ಮೀರುವುದು. ಪಿಂಚಣಿಯ ಮನೆಗೆ ಅದು ಎಟುಕುವುದೆ? ಹುಡುಗನು ಹಬ್ಬಹುಣ್ಣಿಮೆಗಳಲ್ಲಿ ಕೂಡಿಹಾಕಿದ ಹಣಕ್ಕೆ ಇಷ್ಟು ಸೇರಿಸಿ, ಅವನ ತಂದೆ ಸ್ಪ್ರಿಂಗಿನ ಅಗ್ಗದ ಪಿಸ್ತೂಲೊಂದನ್ನು ತಂದುಕೊಟ್ಟರು. ೪.೫ ಮಿಲಿಮೀಟರಿನ, ೨೦ ಜೌಲಿಗೆ ಕಡಮೆ ಶಕ್ತಿಯ ಇಂಥ ಸಾಧನಕ್ಕೆ ನಮ್ಮ ದೇಶದಲ್ಲಿ ಲೈಸೆನ್ಸು ಬೇಕಿಲ್ಲ. ಅರ್ಧ ಗ್ರಾಮು ತೂಕದ ಗುಂಡು ಸೆಕೆಂಡಿಗೆ ೧೦೦ ಮೀಟರ್ ವೇಗದಿಂದ ಹೊರಟರೆ ಅದರ ಶಕ್ತಿ ಎರಡೂವರೆ ಜೌಲು. ಲೆಕ್ಕಕ್ಕೆ ಇದು ಅಲ್ಪವೇ ಸರಿ. ಕಣ್ಣೊಂದನ್ನು ಕಳೆಯುವುದಕ್ಕೆ ಮಾತ್ರ ಧಾರಾಳ.

ಅಗ್ನಿಪುರಾಣದ ಧನುರ್ವೇದಭಾಗದಲ್ಲಿ ಆಯುಧಗಳನ್ನು ವಿಂಗಡಿಸುವಾಗ ಯಂತ್ರಮುಕ್ತವೆಂದೂ ಪಾಣಿಮುಕ್ತವೆಂದೂ ಭೇದ ಹೇಳಿದೆ. ನಮ್ಮ ಪಿಸ್ತೂಲು ಯಂತ್ರಮುಕ್ತದ ಜಾತಿಗೆ ಸೇರಿದ್ದು. ನಳಿಗೆಯನ್ನು ಮುರಿದಂತೆ ಬಗ್ಗಿಸಿದಾಗ ಒಳಗಿನ ಪಿಸ್ಟನ್ನು ಹಿಂದಕ್ಕೆ ಸರಿದು ಸ್ಪ್ರಿಂಗನ್ನು ಅದುಮುವುದು. ಕೊಕ್ಕೆಯೊಂದು ಅದನ್ನು ಹಿಡಿದುಕೊಳ್ಳುವುದು. ಕುದುರೆಯನ್ನೆಳೆದೊಡನೆ ಕೊಕ್ಕೆ ಬಿಟ್ಟು ಪಿಸ್ಟನ್ನು ಮುನ್ನುಗ್ಗಿ, ಸಿಲಿಂಡರಿನ ಗಾಳಿಯನ್ನು ಕ್ಷಣಾರ್ಧದಲ್ಲಿ ಹಿಂಡಿ, ಸಣ್ಣ ರಂಧ್ರದ ಮೂಲಕ ಗುಂಡಿನ ಬೆನ್ನಿಗೆ ಹಾಯಿಸುವುದು. ಹೀಗೆ ಹಠಾತ್ತಾಗಿ ಹಿಂಡಿದ ಗಾಳಿ ಬಹಳವಾಗಿ ಕಾಯುವುದು. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಎಲ್ಲರೂ ಬಲ್ಲರಷ್ಟೆ. ಇಲ್ಲಿ ಆ ಕಾವು ಎಣ್ಣೆಯನ್ನು ಹೊತ್ತಿಸುವಷ್ಟಿರುವುದು.

ಇದೇ ನಮಗೆ ಆಗ ತಿಳಿಯದಿದ್ದ ಸಂಗತಿ. ಪಿಸ್ತೂಲು ಕಿರುಗುಟ್ಟುತ್ತದೆಂದು ಹುಡುಗನು ಹೇಳಲು, ಅಂಗಡಿಯವನೊಬ್ಬನು “ಒಳಕ್ಕೆ ನಾಲ್ಕು ತೊಟ್ಟು ಮೆಷಿನ್ ಎಣ್ಣೆ ಬಿಡಿ, ಜೋರು ಹೆಚ್ಚುತ್ತದೆ” ಎಂದನು. ಬಿಟ್ಟೆವು. ಜೋರು ಹೆಚ್ಚಿದ್ದು ನಿಜ. ಪಟಾಕಿಯಂತೆ ಸದ್ದು, ನಳಿಗೆಯ ತುದಿಯಲ್ಲಿ ಹೊಗೆ, ಸುಟ್ಟ ವಾಸನೆ. ಹುಡುಗನಿಗೆ ಆನಂದವೋ ಆನಂದ. ಮೂರನೆಯ ದಿನ ಗುಂಡು ನಳಿಗೆಯಿಂದ ಹೊರಬಿದ್ದು ಹತ್ತು ಹೆಜ್ಜೆಯಾಚೆ ನೆಲಕ್ಕುರುಳಿತು. ಒಳಗೆ ಎಣ್ಣೆ ಸಿಡಿದು ಪಿಸ್ಟನ್ನಿನ ವಾಷರನ್ನು ಸುಟ್ಟಿತ್ತು.

ಇನ್ನು ನಮ್ಮ ಪೌರುಷವನ್ನು ಕೇಳಿರಿ. ಮೂವತ್ತು ವರ್ಷ ಹುಡುಗರಿಗೆ ಸಂಧಿಸಮಾಸಗಳನ್ನು ಬಿಡಿಸಿ ತೋರಿಸಿದವರಿಗೆ ಒಂದು ಪಿಸ್ತೂಲನ್ನು ಬಿಡಿಸುವುದು ಯಾವ ದೊಡ್ಡ ಮಾತೆಂದುಕೊಂಡು, ಅದನ್ನು ತೊಡೆಯ ಮೇಲಿಟ್ಟುಕೊಂಡು ಹಿಂಬದಿಯ ಮುಚ್ಚಳದ ಪಿನ್ನನ್ನು ಮೊಳೆಯಿಂದ ಹೊಡೆದೆವು. ಪಿಸ್ತೂಲು ಸಜ್ಜಾಗಿಲ್ಲದಿರುವಾಗಲೂ ಸ್ಪ್ರಿಂಗು ಅರೆ ಅದುಮಿಯೇ ಇರುವುದೆಂಬ ಅರಿವು ನಮಗಿರಲಿಲ್ಲ. ಮುಚ್ಚಳವೂ ಸ್ಪ್ರಿಂಗೂ ನಮ್ಮ ಕಿವಿಯನ್ನು ಸವರಿ ಹಾರಿ, ಗೋಡೆಯ ಪಂಚಾಂಗವನ್ನು ಹರಿದು, ಗಾರೆಯಲ್ಲಿ ಗುಳಿ ಮಾಡಿದುವು. ನಮ್ಮ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ ಹುಡುಗನ ಮುಖಕ್ಕೂ ಆ ದಾರಿಗೂ ನಡುವೆ ಇದ್ದುದು ಒಂದು ಗೇಣು.

ಮಗಳು ಅಡುಗೆಮನೆಯಿಂದ ಓಡಿಬಂದಳು. ಗೋಡೆಯನ್ನು ನೋಡಿದಳು, ಮಗನನ್ನು ನೋಡಿದಳು. “ಅಣ್ಣಾ, ನೀವೂನೆ?” ಎಂದಳು, ಅಷ್ಟೆ. ಬಿಡಿಭಾಗಗಳನ್ನೆಲ್ಲ ಮೊರಕ್ಕೆ ಬಳಿದು ಪೆಟ್ಟಿಗೆಗೆ ಹಾಕಿ ಬೀಗವಿಕ್ಕಿದಳು. ಹುಡುಗನು ಎರಡು ದಿನ ನಮ್ಮೊಡನೆ ಮಾತನಾಡಲಿಲ್ಲ. ತಪ್ಪು ಅವನದಲ್ಲವಾದುದರಿಂದ ಅದು ನಮಗೆ ಹೆಚ್ಚು ಚುಚ್ಚಿತು. ತಿಂಗಳಾದ ಮೇಲೆ, ಕೆಲಸವನ್ನು ಕ್ರಮವಾಗಿ ಕಲಿತು ಮಾಡುವೆವೆಂದೂ, ಮುಗಿಯುವವರೆಗೆ ಹುಡುಗನನ್ನು ಬಾಗಿಲಾಚೆ ನಿಲ್ಲಿಸುವೆವೆಂದೂ ಮಾತು ಕೊಟ್ಟು ಮರಳಿ ಪಡೆದೆವು.

ಮುಚ್ಚಳ, ಸ್ಪ್ರಿಂಗುಗಳನ್ನು ಹೇಗೂ ಮತ್ತೆ ಅದುಮಿ ಕೂಡಿಸಬೇಕಷ್ಟೆ. ಇದಕ್ಕೆ ಬಡಗಿಯ ಉದ್ದನೆಯ ಕ್ಲ್ಯಾಂಪು ಬೇಕು. ಬಿಚ್ಚುವಾಗಲಾದರೆ, ಗುಂಡಿಲ್ಲವೆಂದೂ ಸ್ಪ್ರಿಂಗು ಸಜ್ಜಾಗಿಲ್ಲವೆಂದೂ ಮೊದಲು ನೋಡಿಕೊಳ್ಳತಕ್ಕದ್ದು. ಸಿಲಿಂಡರಿನ ಮುಂದುಗಡೆಗೆ ಮರದ ತುಂಡನ್ನು ಆನಿಸಿ, ಹಿಂದಿನ ಮುಚ್ಚಳವನ್ನು ಕ್ಲ್ಯಾಂಪಿನಿಂದ ಒತ್ತಿ ಹಿಡಿದು, ಪಿನ್ನು ಸಡಿಲವಾದ ಮೇಲೆ ಅದನ್ನು ತೆಗೆದು, ಕ್ಲ್ಯಾಂಪಿನ ತಿರುಪನ್ನು ಮೆಲ್ಲಮೆಲ್ಲನೆ ಬಿಡಬೇಕು. ಸ್ಪ್ರಿಂಗು ತಾನಾಗಿ ಸುಮ್ಮನಾಗುವವರೆಗೆ ಆ ರೇಖೆಯಲ್ಲಿ ಯಾರ ಮುಖವೂ ಇರಕೂಡದು, ಕಣ್ಣಿಗೆ ಕನ್ನಡಕವಿರಲಿ. ನಳಿಗೆಯ ಕೊಂಡಿಯನ್ನೂ ಕುದುರೆಯ ಭಾಗವನ್ನೂ ಬಿಡಿಸಿದರೆ ಪಿಸ್ಟನ್ನು ಹಿಂದಿನಿಂದ ಜಾರಿ ಬರುವುದು. ಬಂದಬಂದುದನ್ನು ಬಿಳಿಯ ಪಂಚೆಯ ಮೇಲೆ ಸಾಲಾಗಿ ಇಟ್ಟೆವು. ಬಾಗಿಲಾಚೆಯಿಂದಲೇ ಹುಡುಗನು ಒಂದೊಂದರ ಚಿತ್ರವನ್ನೂ ಬರೆದುಕೊಂಡನು.

ಅಗ್ಗದ ಯಂತ್ರದ ಗುಟ್ಟು ಒಳಗೆ ಕಂಡಿತು. ಗ್ರೀಸಿನಲ್ಲಿ ಅರದ ಪುಡಿ ಬೆರೆತು ಕಪ್ಪು ಕೆಸರಾಗಿತ್ತು. ಸಿಲಿಂಡರಿನಲ್ಲಿ ಕೊಂಡಿಗಾಗಿ ಕೊಯ್ದ ಸೀಳಿನ ಅಂಚುಗಳು ಈಳಿಗೆಯಂತಿದ್ದುವು. ಹೊಸ ವಾಷರನ್ನು ತೂರಿಸುವಾಗ ಅದನ್ನು ಸಿಗಿಯುವುದು ಈ ಅಂಚೇ. ಸೀಮೆಎಣ್ಣೆಯಿಂದ ಎಲ್ಲವನ್ನೂ ತೊಳೆದು ಚೆನ್ನಾಗಿ ಒಣಗಿಸಿ, ನಯವಾದ ಎಮರಿ ಕಾಗದದಿಂದ ಆ ಅಂಚುಗಳನ್ನೂ ಸ್ಪ್ರಿಂಗಿನ ಎರಡು ತುದಿಗಳನ್ನೂ ತಿಕ್ಕಿ, ಮತ್ತೆ ತೊಳೆದೆವು. ಕುದುರೆಯ ಕೊಕ್ಕೆಗೆ ಮಾತ್ರ ಅರವನ್ನು ಮುಟ್ಟಿಸಲಿಲ್ಲ. ಅದು ಒಂದು ಕೂದಲಷ್ಟು ಹೆಚ್ಚು ಸವೆದರೂ ಪಿಸ್ತೂಲು ತನ್ನಿಷ್ಟದಂತೆ ಹಾರುವುದು. ಬಲವಾದ ಬೇರೆ ಸ್ಪ್ರಿಂಗು ಹಾಕೆಂದವರೂ ಇದ್ದರು. ಅದರಿಂದ ಅದುರು ಹೆಚ್ಚುವುದು, ಗುರಿ ಹೆಚ್ಚದು.

ಎಣ್ಣೆಯ ವಿಚಾರ: ಪಿಸ್ಟನ್ನಿನ ಹಿಂಭಾಗಕ್ಕೂ ಕೊಂಡಿ ಉಜ್ಜುವೆಡೆಗೂ ಮಾಲಿಬ್ಡಿನಂ ಬೆರೆತ ಗ್ರೀಸು, ತೆಳುವಾಗಿ. ಸ್ಪ್ರಿಂಗಿಗೆ ಅಂಟಂಟಾದ ದಪ್ಪ ಗ್ರೀಸು. ಅದು ಸ್ಪ್ರಿಂಗಿನ ಝೇಂಕಾರವನ್ನು ಅಡಗಿಸುವುದು. ಹೊಸ ವಾಷರಿನ ಅಂಚಿಗೆ ಸಿಲಿಕೋನ್ ಎಣ್ಣೆಯ ಒಂದು ತೊಟ್ಟು. ಅದು ಸುಲಭವಾಗಿ ಹೊತ್ತಿಕೊಳ್ಳದು. ಆದರೆ ಕಬ್ಬಿಣ ಕಬ್ಬಿಣಕ್ಕೆ ಉಜ್ಜುವೆಡೆಯಲ್ಲಿ ಅದು ನಿಷ್ಪ್ರಯೋಜಕ. ವಾಷರಿನ ಮುಂದಿರುವ ಗಾಳಿಯ ಕೋಣೆಯಲ್ಲಿ ಮತ್ತೇನೂ ಇರತಕ್ಕದ್ದಲ್ಲ. ತಂಪುಪಾನೀಯದ ಬಾಟಲಿಯಿಂದ ಪ್ಲಾಸ್ಟಿಕ್ಕಿನ ಪಟ್ಟಿಯೊಂದನ್ನು ಕತ್ತರಿಸಿ, ಸುರುಳಿ ಮಾಡಿ ಪಿಸ್ಟನ್ನಿನ ಒಳಗೋಡೆಗೆ ಹೊಂದಿಸಿದುದು ಹುಡುಗನ ಸಲಹೆ. ಸ್ಪ್ರಿಂಗಿನ ಅದುರು ಅದರಿಂದಲೇ ಅರ್ಧ ಇಳಿಯಿತು.

ನಳಿಗೆಯು ಸಿಲಿಂಡರಿಗೆ ಕೂಡುವ ಸಂದಿನ ಮೇಲೆ ಹತ್ತಿಯ ಎಳೆಯನ್ನಿಟ್ಟು, ಗುಂಡು ತುಂಬಿ ಗುರಿಯತ್ತ ಹಾರಿಸಿ ನೋಡಿದೆವು. ಎಳೆ ಎಗರಿತು, ಗಾಳಿ ಸೋರುತ್ತಿತ್ತು. ಅಲ್ಲಿನ ರಬ್ಬರು ಬಳೆಯನ್ನೂ ಬದಲಾಯಿಸಿದ ಮೇಲೆ ಎಳೆ ಅಲ್ಲಾಡಲಿಲ್ಲ. ಏಳು ಮೀಟರಿನಲ್ಲಿ ಮೊರದಗಲ ಚೆದುರುತ್ತಿದ್ದ ಗುಂಡುಗಳು ಈಗ ಕಾಫಿಲೋಟದ ಬಾಯಗಲದಲ್ಲಿ ಬೀಳುವುವು.

ಗುಂಡಿಲ್ಲದೆ ಹಾರಿಸಿದರೆ ಪಿಸ್ಟನ್ನು ಬರಿಗೋಡೆಗೆ ಅಪ್ಪಳಿಸುವುದು. ಸಜ್ಜುಮಾಡಿ ರಾತ್ರಿಯೆಲ್ಲ ಇಟ್ಟರೆ ಸ್ಪ್ರಿಂಗು ಸೋಲುವುದು. ನಳಿಗೆ ಬಗ್ಗಿರುವಾಗ ಕುದುರೆಯನ್ನೆಳೆದರೆ ಅದು ಮೇಲಕ್ಕೆ ಬಡಿದು ಬೆರಳನ್ನು ಮುರಿಯುವುದು. ಗುರಿಯ ಹಿಂದೆ ಹಳೆಯ ಬಟ್ಟೆ ತುಂಬಿದ ಗೋಣಿಯಿರುವುದು, ಗೋಡೆಯಲ್ಲ. ಹಕ್ಕಿ, ಅಳಿಲುಗಳ ಕಡೆ ತಿರುಗಿಸಕೂಡದೆಂಬುದನ್ನು ಹುಡುಗನಿಗೆ ಹೇಳಬೇಕಾಗಲಿಲ್ಲ. ಗುಂಡು ಸೀಸದ್ದಾದುದರಿಂದ ಆಟ ಮುಗಿದೊಡನೆ ಕೈ ತೊಳೆಯದೆ ತಟ್ಟೆಯ ಮುಂದೆ ಕೂರುವಂತಿಲ್ಲ.

ಭಾನುವಾರ ಸಾಯಂಕಾಲ ಒಂದು ಗಂಟೆಯ ಹೊತ್ತು ಹಿತ್ತಲಲ್ಲಿ ಅಭ್ಯಾಸ ನಡೆಯುವುದು. ಆಮೇಲೆ ಪಿಸ್ತೂಲು ನಮ್ಮ ಸಿದ್ಧಾಂತಕೌಮುದಿಯಿರುವ ಪೆಟ್ಟಿಗೆಗೇ ಹೋಗುವುದು. ಬೀಗದ ಕೈ ಈಗಲೂ ಮಗಳ ಸೆರಗಿನ ಗಂಟಿನಲ್ಲಿದೆ; ಕೌಮುದಿ ಬೇಕಾದರೂ ನಾವು ಅವಳನ್ನೇ ಕೇಳಬೇಕು.