ಕಡಲಿನ ದನಿ, ನಮ್ಮ ಕಿವಿ

ದೆಹಲಿಯ ಹೌಜ್ ಖಾಸ್ ಎಂಬ ಹೆಸರಿನಲ್ಲೇ ನೀರಿದೆ. ಅಲ್ಲಾವುದ್ದೀನ್ ಖಿಲ್ಜಿ ಕಟ್ಟಿಸಿದ ಕೆರೆಯಿಂದ ಬಂದ ಹೆಸರು ಅದು. ಕಡಲು ಮಾತ್ರ ಅಲ್ಲಿಂದ ನೂರಾರು ಕಿಲೋಮೀಟರ್ ದೂರ. ಆದರೂ ಅಲ್ಲಿನ ದೆಹಲಿ ಐಐಟಿಯಲ್ಲಿ ನೀರೊಳಗಿನ ಸದ್ದಿನ ಅಧ್ಯಯನ ದಶಕಗಳಿಂದ ನಡೆದಿದೆ. ಅಲ್ಲಿನ ರಾಜೇಂದರ್ ಬಹ್ಲ್, ಟೋಕಿಯೊ ವಿಶ್ವವಿದ್ಯಾಲಯದಲ್ಲಿದ್ದ ತಮಾಕಿ ಉರಾ ಮತ್ತಿತರರ ಜೊತೆಗೂಡಿ ಗಂಗೆಯ ಡಾಲ್ಫಿನ್‌ಗಳನ್ನೂ ಕಡಲಿಗೆ ಅಂಟಿಕೊಂಡ ಚಿಲಿಕಾ ಸರೋವರದ ಇರಾವಡ್ಡಿ ಡಾಲ್ಫಿನ್‌ಗಳನ್ನೂ ಹೈಡ್ರೋಫೋನ್ ಎಂಬ ನೀರೊಳಗಿನ ಮೈಕ್ ಇಳಿಸಿ ಆಲಿಸಿದ್ದಾರೆ.

ಆದರೆ ಇಲ್ಲಿ ಆಲಿಸುವುದು ಎಂದರೇನು? ಮನುಷ್ಯನ ಕಿವಿ 20 ಸಾವಿರ ಹರ್ಟ್ಸ್‌ಗೆ ಸೋಲುತ್ತದೆ. ಗಂಗೆಯ ಡಾಲ್ಫಿನ್ನಿನ ಕ್ಲಿಕ್ಕಿನ ಬಲವಿರುವುದು 60 ಸಾವಿರದ ಆಸುಪಾಸಿನಲ್ಲಿ. ಹತ್ತು ಪಟ್ಟು ನಿಧಾನಿಸಿದರೆ ಅದು ನಮಗೆ ಟಿಕ್ ಟಿಕ್ ಎಂದು ಕೇಳಿಸೀತು. ಕಂಪ್ಯೂಟರ್ ಪರದೆಯಲ್ಲಾದರೆ ಕೂದಲೆಳೆಯಂಥ ನೆಟ್ಟನೆಯ ಗೆರೆ, ಅದರ ಪಕ್ಕ ಇನ್ನೊಂದು, ಮತ್ತೊಂದು. ಲಕ್ಷದ್ವೀಪದ ಕವರತ್ತಿಯ ಬಳಿ ಸಂಶೋಧಕಿ ದಿವ್ಯಾ ಪಣಿಕ್ಕರ್ ಅವರ ತಂಡ ದಾಖಲಿಸಿದ ನೀಲಿ ತಿಮಿಂಗಿಲದ ಹಾಡಿನದು ಇದಕ್ಕೆ ತದ್ವಿರುದ್ಧ ಕಥೆ. ಅದು ಎಷ್ಟು ತಗ್ಗಿನ ದನಿ ಎಂದರೆ, ನಮಗೆ ಚೆನ್ನಾಗಿ ಕೇಳಬೇಕಾದರೆ ವೇಗ ಹೆಚ್ಚಿಸಬೇಕು.

ಅಂದರೆ ನಮ್ಮನ್ನು ತಲುಪುವುದು ಅನುವಾದ.

ಅನುವಾದ ತಪ್ಪಲ್ಲ. ಜೀವವಿಜ್ಞಾನಿ ರೋಜರ್ ಪೇನ್ 1970ರಲ್ಲಿ ಹೊರತಂದ ಗೂನುಬೆನ್ನಿನ ತಿಮಿಂಗಿಲದ ಹಾಡುಗಳ ಧ್ವನಿಮುದ್ರಿಕೆ ಲಕ್ಷಾಂತರ ಜನರ ಮನ ಕಲಕಿತು. ತಿಮಿಂಗಿಲ ಬೇಟೆಯ ವಿರುದ್ಧ ಎದ್ದ ಕೂಗಿಗೆ ಬಲ ಕೊಟ್ಟಿತು. ವಾಣಿಜ್ಯ ಬೇಟೆಗೆ ತಡೆ ಹಾಕುವ ನಿರ್ಧಾರ 1982ರಲ್ಲಿ ಬಂತು. ಗೂನುಬೆನ್ನಿನ ತಿಮಿಂಗಿಲದ ಹಾಡಿನ ಧ್ವನಿಮುದ್ರಣವೊಂದನ್ನು ಕೇಳಿದ್ದ ಅಮೆರಿಕದ ಸಂಗೀತ ಸಂಯೋಜಕ ಜಾರ್ಜ್ ಕ್ರಂಬ್ 1971ರಲ್ಲಿ ಕೊಳಲು, ಚೆಲ್ಲೊ, ಪಿಯಾನೊಗಳಿಗೆ ಒಂದು ಕೃತಿ ರಚಿಸಿದರು. ನುಡಿಸುವ ಮೂವರೂ ಕಪ್ಪು ಅರೆಮುಖವಾಡ ತೊಡಬೇಕು. ಮನುಷ್ಯನ ಮುಖ ಸ್ವಲ್ಪ ಹಿಂದೆ ಸರಿಯಲಿ ಎಂಬುದು ಅವರ ಇಂಗಿತ. ಕಲೆಗೆ ತನ್ನ ಮಿತಿ ಗೊತ್ತಿದ್ದರೆ ಹೀಗಿರುತ್ತದೆ.

ತಿಮಿಂಗಿಲದ ದನಿಗೆ ವಿಷಾದದ ಪಿಟೀಲು ಬೆರೆಸುವ ವಿಡಿಯೊಗಳಲ್ಲಿ ಈ ಸಂಯಮ ಕಾಣುವುದಿಲ್ಲ. ಅಲ್ಲಿ ಕೇಳಿಸುವುದು ನಮ್ಮದೇ ದುಃಖ. ಇಂಥವು ಇನ್ನೊಂದು ಸುಳ್ಳನ್ನೂ ಹೇಳುತ್ತವೆ: ದನಿ ಇಂಪಾಗಲೆಂದು ಎಂಜಿನ್ನಿನ ಗದ್ದಲ ಸೋಸಿ ತೆಗೆದರೆ, ಎಲ್ಲೂ ಇಲ್ಲದ ಪ್ರಶಾಂತ ಕಡಲೊಂದು ಹುಟ್ಟಿಕೊಳ್ಳುತ್ತದೆ. ಚಿಲಿಕಾದ ಸಾತಪಡಾದಲ್ಲಿ ಡಾಲ್ಫಿನ್ ನೋಡಲು ಹೋಗುವ ಪ್ರವಾಸಿಗರ ಮೋಟಾರ್ ದೋಣಿಗಳ ಸದ್ದೂ ಆ ನೀರಿನ ಸತ್ಯವೇ.

ಹಾಗಾಗಿ ಕಡಲಿನ ದನಿಯನ್ನು ಪ್ರದರ್ಶನಕ್ಕಿಡುವ ಕಲಾವಿದರಲ್ಲಿ, ಎಂಜಿನಿಯರುಗಳಲ್ಲಿ ಒಂದು ವಿನಂತಿ: ಎಷ್ಟು ಪಟ್ಟು ನಿಧಾನಿಸಿದಿರಿ, ಏನನ್ನು ಸೋಸಿದಿರಿ ಎಂದು ಪಕ್ಕದಲ್ಲೇ ಬರೆದು ಹಾಕಿ. ದೋಣಿಯ ಸದ್ದನ್ನೂ ಕೇಳಿಸಿ.