ನಾಲ್ಕನೆಯವನ ಜಾಗ

ನಮ್ಮ ಸಾಹಿತ್ಯದಲ್ಲಿ ನಗರಕ್ಕೆ ಒಳ್ಳೆಯ ಹೆಸರಿಲ್ಲ. ಹಳ್ಳಿಯೆಂದೊಡನೆ ಹಸುರು, ಹೊಳೆ, ತಾಯಿಯ ಮಡಿಲು. ನಗರವೆಂದೊಡನೆ ಹೊಗೆ, ಗದ್ದಲ, ಅನಾಥಪ್ರಜ್ಞೆ. ಕಳೆದ ಹದಿನೆಂಟು ವರ್ಷಗಳಿಂದ ನಾನೂ ತರಗತಿಯಲ್ಲಿ ಈ ಪಾಠವನ್ನೇ ಹೇಳುತ್ತ ಬಂದವನು. ನವ್ಯ ಕಥೆಯೊಂದನ್ನು ಕೈಗೆತ್ತಿಕೊಂಡರೆ ಸಾಕು, ‘ಮಹಾನಗರದ ಅಮಾನವೀಯತೆ’ ಎಂಬ ಮಾತು ಕರಿಹಲಗೆಯ ಮೇಲೆ ತಾನೇ ತಾನಾಗಿ ಮೂಡುತ್ತಿತ್ತು. ವಿದ್ಯಾರ್ಥಿಗಳು ಅದನ್ನು ಬರೆದುಕೊಂಡರು, ಪರೀಕ್ಷೆಯಲ್ಲಿ ಒಪ್ಪಿಸಿದರು, ಅಂಕಗಳನ್ನೂ ಪಡೆದರು. ಹಾಗೆ ಬೋಧಿಸುತ್ತಿದ್ದ ಗುರುವು ಯಾವ ಮಹಾನಗರದಲ್ಲಿಯೂ ನಾಲ್ಕು ದಿನ ನೆಮ್ಮದಿಯಾಗಿ ನಡೆದಾಡಿದವನೇ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಳೆದ ಡಿಸೆಂಬರಿನಲ್ಲಿ ವಿಚಾರಸಂಕಿರಣವೊಂದರ ನಿಮಿತ್ತ ಮುಂಬಯಿಗೆ ಹೋಗಬೇಕಾಯಿತು. ಹೊರಡುವಾಗ ಮನೆಯವರು ‘ಜೇಬು ಜೋಕೆ’ ಎಂದರು. ಜೇಬಿನೊಡನೆ ಮನಸ್ಸನ್ನೂ ಭದ್ರವಾಗಿ ಮುಚ್ಚಿಕೊಂಡೇ ನಾನು ಹೊರಟೆ.

ಆ ಮುಚ್ಚಳ ತೆರೆದದ್ದು ಒಂದು ಸ್ಥಳೀಯ ರೈಲಿನಲ್ಲಿ. ಮೂವರು ಕೂರುವ ಹಲಗೆಯ ಮೇಲೆ ಮೂವರೂ ಕುಳಿತಿದ್ದರು. ನಾನು ಅಂಚಿನಲ್ಲಿ ಬಂದು ನಿಂತೊಡನೆ, ಪತ್ರಿಕೆಯಿಂದ ತಲೆಯನ್ನೂ ಎತ್ತದೆ, ಮೂವರೂ ಒಳಕ್ಕೆ ಸರಿದರು. ನಾಲ್ಕು ಬೆರಳಗಲದ ಒಂದು ಜಾಗ ಅಲ್ಲಿ ಹುಟ್ಟಿತು. ನನ್ನ ದೇಹದ ಅರ್ಧಭಾಗ ಹಲಗೆಯ ಮೇಲೂ ಉಳಿದರ್ಧ ಗಾಳಿಯಲ್ಲೂ ಇತ್ತೆಂಬುದು ನಿಜ. ಆದರೆ ನನ್ನ ಊರಾವುದು, ಭಾಷೆ ಯಾವುದು, ಕುಲ ಯಾವುದು ಎಂದು ಯಾರೂ ವಿಚಾರಿಸಲಿಲ್ಲ. ‘ಚೌಥಾ ಸೀಟ್’ ಎಂದು ಅದಕ್ಕೆ ಹೆಸರಂತೆ. ಅದು ಯಾವ ಕಾನೂನಿನಲ್ಲೂ ಇಲ್ಲ. ಆ ನಗರದ ನಡವಳಿಕೆಯಲ್ಲಿ ಇದೆ. ಕಿಟಕಿಯಿಂದ ಕರವಸ್ತ್ರವನ್ನೆಸೆದು ಬಸ್ಸಿನ ಆಸನವನ್ನು ಸ್ವಾಧೀನಪಡಿಸಿಕೊಳ್ಳುವ ನಮ್ಮೂರಿನ ಸಜ್ಜನರನ್ನು ಆಗ ನೆನೆದುಕೊಂಡು ಒಬ್ಬನೇ ನಕ್ಕೆ.

ಇಲ್ಲಿ ನನ್ನ ತಂದೆಯ ಮಾತನ್ನು ತರಬೇಕಾಗಿದೆ; ಓದುಗರು ಕ್ಷಮಿಸಬೇಕು. ಅವರು 1961ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಕರಾವಳಿಯ ಹಳ್ಳಿಯೊಂದರಿಂದ ಮುಂಬಯಿಗೆ ಹೋದವರು. ಹಗಲೆಲ್ಲ ಕೋಟೆ ಪ್ರದೇಶದ ಹೋಟೆಲೊಂದರಲ್ಲಿ ಲೋಟ ತೊಳೆದು, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಓದಿದರು. ಅಂಥ ಸಾವಿರಾರು ಹುಡುಗರನ್ನು ಆ ಶಾಲೆಗಳು ಅಕ್ಷರಸ್ಥರನ್ನಾಗಿ ಮಾಡಿದವು. ಮಗನ ಎಂ.ಎ. ಪದವಿಯ ಅಡಿಪಾಯ ಅಲ್ಲಿಯೇ ಬಿದ್ದಿತೆಂದರೆ ತಪ್ಪಿಲ್ಲ. ತಂದೆ ಕಷ್ಟದ ಮಾತನ್ನು ಹೆಚ್ಚಾಗಿ ಆಡುತ್ತಿರಲಿಲ್ಲ. ರಜೆಯ ದಿನ ಟೌನ್‌ಹಾಲಿನ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದುದನ್ನು ಮಾತ್ರ ಮತ್ತೆ ಮತ್ತೆ ಹೇಳುತ್ತಿದ್ದರು: “ಅಲ್ಲಿ ಕೂತವನನ್ನು ಯಾರೂ ಏಳು ಅನ್ನುವುದಿಲ್ಲ.” ದುಡಿದು ದಣಿದವರ ಸಣ್ಣ ಸಮಾಧಾನವೆಂದು ನಾನು ಅದನ್ನು ಬದಿಗೆ ಸರಿಸಿದ್ದೆ.

ಸಂಕಿರಣ ಮುಗಿದ ಮರುದಿನ ಆ ಮೆಟ್ಟಿಲುಗಳನ್ನು ಹುಡುಕಿಕೊಂಡು ಹೋದೆ. 1833ರಲ್ಲಿ ಪೂರ್ಣಗೊಂಡ ಕಟ್ಟಡ. ಎದುರಿಗೆ ಭಾರಿ ಕಂಬಗಳು. ಅಗಲವಾದ ಕಲ್ಲಿನ ಸೋಪಾನಪಂಕ್ತಿ. ಒಳಗಡೆ ಏಷ್ಯಾಟಿಕ್ ಸೊಸೈಟಿಯ ಗ್ರಂಥಭಂಡಾರ. ಇಟಲಿಯ ಮಹಾಕವಿ ಡಾಂಟೆಯ ಕಾವ್ಯದ ಪ್ರಾಚೀನ ಹಸ್ತಪ್ರತಿಯೊಂದು ಅಲ್ಲಿದೆ. ಧರ್ಮಶಾಸ್ತ್ರದ ಬೃಹತ್ ಇತಿಹಾಸವನ್ನು ಬರೆದು 1963ರಲ್ಲಿ ಭಾರತರತ್ನರಾದ ಪಾಂಡುರಂಗ ವಾಮನ ಕಾಣೆಯವರ ನಂಟೂ ಈ ಸಂಸ್ಥೆಯೊಡನೆ ಬೆಸೆದುಕೊಂಡಿದೆ. ಒಳಗೆ ಇಷ್ಟೆಲ್ಲ ವಿದ್ವತ್ತು. ಹೊರಗೆ ಮೆಟ್ಟಿಲ ಮೇಲೆ ಪರೀಕ್ಷೆಗೆ ಓದುತ್ತಿರುವ ಹುಡುಗರು, ಬುತ್ತಿ ಬಿಚ್ಚಿದ ಗುಮಾಸ್ತ, ಸುಮ್ಮನೆ ಕುಳಿತ ಒಬ್ಬ ಮುದುಕ. ನಾನೂ ಒಂದು ಗಂಟೆ ಕುಳಿತೆ. ಯಾರೂ ಏಳು ಎನ್ನಲಿಲ್ಲ. ತಂದೆ ಕುಳಿತಿದ್ದ ಮೆಟ್ಟಿಲು ಯಾವುದೆಂದು ಕೇಳೋಣವೆಂದರೆ ಈಗ ಅವರಿಲ್ಲ.

ಆಮೇಲೆ ಉಳಿದುದೆಲ್ಲ ಒಂದೊಂದಾಗಿ ಕಾಣತೊಡಗಿತು. ತಾಯಿ ರಾಜಾಬಾಯಿಯ ಹೆಸರಿನಲ್ಲಿ ವರ್ತಕ ಪ್ರೇಮಚಂದ ರಾಯಚಂದರು ಧನವಿತ್ತು ಕಟ್ಟಿಸಿದ, 1878ರಲ್ಲಿ ಮುಗಿದ ಗಡಿಯಾರಗೋಪುರ. ಕಾಲುದಾರಿಯ ಮೇಲೆ ರಾಶಿ ಹಾಕಿದ ಹಳೆಯ ಪುಸ್ತಕಗಳು. ಡೇವಿಡ್ ಸಸೂನ್ ಗ್ರಂಥಾಲಯದ ಹಿಂದಣ ತೋಟ, ಅಲ್ಲಿ ಬಸ್ಸುಗಳ ಸದ್ದಿನ ನಡುವೆಯೂ ಕೇಳುವ ಹಕ್ಕಿಯ ದನಿ. ಮಾಟುಂಗದ ಬೀದಿಯಲ್ಲಿ ಮಲ್ಲಿಗೆ ಮತ್ತು ಕಾಫಿಯ ಬೆರಕೆ ಪರಿಮಳ. ಅದೇ ಮಾಟುಂಗದಲ್ಲಿ 1942ರಿಂದ ನಡೆದುಬಂದಿರುವ ರಾಮಾ ನಾಯಕರ ಉಡುಪಿ ಭೋಜನಶಾಲೆಯ ಬಾಳೆಯೆಲೆಯ ಮುಂದೆ ಗುಜರಾತಿಯೂ ಮರಾಠಿಯೂ ತಮಿಳನೂ ಒಂದೇ ಸಾಲಿನಲ್ಲಿ ಕೂತಿದ್ದರು. ಪ್ರವಾಸಿಗರ ಕೈಪಿಡಿಯಲ್ಲಿ ಇವುಗಳಿಗೆ ಅಷ್ಟೇನೂ ಎತ್ತರದ ಸ್ಥಾನವಿರಲಾರದು. ಆದರೆ ನಗರದ ಚೆಲುವು ಅದು ತೋರಿಸಲೆಂದು ಸಿಂಗರಿಸಿಟ್ಟ ವಸ್ತುಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ತಾನು ಮಾಡುತ್ತಿದ್ದೇನೆಂದು ತಿಳಿಯದೆಯೇ ಮಾಡುವ ಕೆಲಸಗಳಲ್ಲಿ ಇರುತ್ತದೆಂಬುದು ನನ್ನ ನಮ್ರ ಅಭಿಪ್ರಾಯ.

ಇದಕ್ಕೆ ಆಕ್ಷೇಪವುಂಟು, ಅದನ್ನು ನಾನೇ ಎತ್ತುತ್ತೇನೆ. ನಾಲ್ಕು ದಿನದ ಅತಿಥಿಗೆ ಎಲ್ಲವೂ ಚೆಲುವೇ. 2011ರ ಜನಗಣತಿಯ ಪ್ರಕಾರ ಬೃಹನ್ಮುಂಬಯಿಯ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನ ವಾಸಿಸುತ್ತಿದ್ದುದು ಕೊಳೆಗೇರಿಗಳಲ್ಲಿ. ನಾಲ್ಕನೆಯ ಆಸನ ಹುಟ್ಟಿದ್ದು ರೈಲಿನಲ್ಲಿ ಸ್ಥಳವಿಲ್ಲದ್ದರಿಂದ. ಅದನ್ನು ಔದಾರ್ಯವೆಂದು ಹಾಡಿಹೊಗಳುವುದು ಸುಲಭ, ದಿನವೂ ಅದರ ಮೇಲೆ ಕೂರುವುದು ಕಷ್ಟ. ಒಪ್ಪಿದೆ. ಆದರೆ ಸ್ಥಳವಿಲ್ಲದ ಕಡೆ ಮನುಷ್ಯ ಎರಡು ಬಗೆಯಲ್ಲಿ ನಡೆದುಕೊಳ್ಳಬಹುದು: ಮೊಳಕೈ ಚಾಚಬಹುದು, ಇಲ್ಲವೆ ಸರಿದು ಕೂರಬಹುದು. ಮೊಳಕೈಯನ್ನೂ ನಾನು ಆ ನಗರದಲ್ಲಿ ಕಂಡೆ. ಸರಿಯುವವರನ್ನು ಕಂಡದ್ದೂ ಅಷ್ಟೇ ನಿಜ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ನಗರ ಮುಳುಗಿದಾಗ, ಬೀದಿಯಲ್ಲಿ ಸಿಕ್ಕಿಕೊಂಡ ಅಪರಿಚಿತರಿಗೆ ಜನ ಮನೆಯ ಬಾಗಿಲು ತೆರೆದರು, ಚಹಾ ಬಿಸ್ಕತ್ತು ಹಂಚಿದರು. ಇದೂ ಪಾಠದಲ್ಲಿ ಬರಬೇಕಲ್ಲವೆ?

ನಗರವನ್ನು ನಿಷ್ಠುರವಾಗಿ ಕಂಡ ನಮ್ಮ ಲೇಖಕರನ್ನು ನಾನು ಅಲ್ಲಗಳೆಯುತ್ತಿಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಮುಂಬಯಿಯ ಕ್ರೌರ್ಯವನ್ನು ತೋರಿಸುವಷ್ಟು ತೀವ್ರವಾಗಿ ತೋರಿಸಿದ ಕನ್ನಡ ಕಾದಂಬರಿಗಳು ವಿರಳ. ಆದರೆ ಚಿತ್ತಾಲರು ಆ ನಗರದಲ್ಲಿ ಬದುಕಿ, ದುಡಿದು, ಅದರ ಕಡಲನ್ನು ದಿನವೂ ಕಂಡು ಬರೆದವರು. ಅವರ ಕಹಿ ಸ್ವಾರ್ಜಿತ. ನಾವು ಅಧ್ಯಾಪಕರು ಹಂಚುತ್ತಿರುವುದು ಕಡ ತಂದ ಕಹಿ. ಇದರಿಂದ ಸಾಹಿತ್ಯಕ್ಕೇನೂ ನಷ್ಟವಿಲ್ಲ, ನಷ್ಟ ವಿದ್ಯಾರ್ಥಿಗಳದು. ನನ್ನ ತರಗತಿಯ ಮಕ್ಕಳಲ್ಲಿ ಬಹುಪಾಲು ನಾಳೆ ಉದ್ಯೋಗವನ್ನರಸಿ ನಗರಕ್ಕೇ ಹೋಗತಕ್ಕವರು. ಹೋಗಲೇಬೇಕಾದ ಊರನ್ನು ಹೋಗುವ ಮೊದಲೇ ಶತ್ರುವಿನ ಕೋಟೆಯೆಂದು ಹೇಳಿಕೊಟ್ಟರೆ, ಅವರು ಅಲ್ಲಿ ಸರಿದು ಕೂರುವವರಾದಾರೆ, ಮೊಳಕೈ ಚಾಚುವವರಾದಾರೆ?

ಹಿಂದಿರುಗಿದ ಮೇಲೆ ಅದೇ ಪಾಠವನ್ನು ಮತ್ತೆ ಮಾಡುವ ಸರದಿ ಬಂದಿತು. ಕರಿಹಲಗೆಯ ಮೇಲೆ ಹಳೆಯ ಮಾತನ್ನು ಬರೆಯಹೋದ ಕೈ ತಡೆಯಿತು. ತಿರುಗಿ ನಿಂತು, “ನಿಮ್ಮ ಮನೆಯಿಂದ ಮೊದಲು ನಗರಕ್ಕೆ ಹೋದವರು ಯಾರು? ಹಿಂದೆ ಬಂದು ಅವರೇನು ಹೇಳಿದರು?” ಎಂದು ಕೇಳಿದೆ. ಒಬ್ಬಳು ತನ್ನ ಅಜ್ಜನ ಮಾತೆತ್ತಿದಳು, ಇನ್ನೊಬ್ಬ ಅಣ್ಣನದು. ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ. ನಾನೂ ಏಳಿ ಎನ್ನಲಿಲ್ಲ.