ಗೆದ್ದ ಚರ್ಚೆ, ಸೋತ ಚುನಾವಣೆ: ಅಮೆರಿಕದ ಮತದಾರ ನಿಜಕ್ಕೂ ತೂಗುವುದೇನನ್ನು?

ಅಮೆರಿಕದ ಪೂರ್ವ ಕರಾವಳಿಯಲ್ಲಿ ರಾತ್ರಿ 9ಕ್ಕೆ ಆರಂಭವಾಗುವ ಅಧ್ಯಕ್ಷೀಯ ಅಭ್ಯರ್ಥಿಗಳ ಮುಖಾಮುಖಿ ಚರ್ಚೆ ಬೆಂಗಳೂರಿನಲ್ಲಿ ಮರುದಿನ ಬೆಳಗಿನ 6.30ಕ್ಕೆ ಟಿವಿ ಪರದೆಯ ಮೇಲೆ ಮೂಡುತ್ತದೆ. ನಾವು ಕಾಫಿ ಮುಗಿಸುವಷ್ಟರಲ್ಲಿ ಚರ್ಚೆಯೂ ಮುಗಿದಿರುತ್ತದೆ, ಕಚೇರಿ ತಲುಪುವಷ್ಟರಲ್ಲಿ "ಗೆದ್ದವರು ಯಾರು?" ಎಂಬ ಸಮೀಕ್ಷೆಯ ಫಲಿತಾಂಶವೂ ಹೊರಬಿದ್ದಿರುತ್ತದೆ. ಕ್ರಿಕೆಟ್ ಪಂದ್ಯದ ಸ್ಕೋರಿನಂತೆ ಶೇಕಡಾವಾರು ಅಂಕಿಗಳು ಓಡಾಡುತ್ತವೆ.

ಆದರೆ ಈ ಸ್ಕೋರು ಚುನಾವಣೆಯ ಫಲಿತಾಂಶವನ್ನು ಹೇಳುವುದು ಅಪರೂಪ. 2024ರ ಸೆಪ್ಟೆಂಬರ್ 10ರಂದು ಫಿಲಡೆಲ್ಫಿಯಾದಲ್ಲಿ ಕಮಲಾ ಹ್ಯಾರಿಸ್ ಮತ್ತು ಡೊನಾಲ್ಡ್ ಟ್ರಂಪ್ ಮುಖಾಮುಖಿಯಾದಾಗ, ಚರ್ಚೆ ನೋಡಿದವರಲ್ಲಿ ಶೇ. 63ರಷ್ಟು ಮಂದಿ ಹ್ಯಾರಿಸ್ ಗೆದ್ದರೆಂದು ಸಿಎನ್‌ಎನ್ ಸಮೀಕ್ಷೆಗೆ ತಿಳಿಸಿದ್ದರು. ಎಂಟು ವಾರಗಳ ಬಳಿಕ 312 ಎಲೆಕ್ಟೋರಲ್ ಮತಗಳೊಂದಿಗೆ ಅಧ್ಯಕ್ಷರಾಗಿ ಆಯ್ಕೆಯಾದವರು ಟ್ರಂಪ್. ಹಾಗಾದರೆ ಆ ರಾತ್ರಿ ಮತದಾರ ಸುಳ್ಳು ಹೇಳಿದನೇ? ಇಲ್ಲ. ಅವನಿಗೆ ಕೇಳಿದ ಪ್ರಶ್ನೆ ಒಂದು, ಅವನು ಮನಸ್ಸಿನಲ್ಲಿ ತೂಗುತ್ತಿದ್ದ ಪ್ರಶ್ನೆ ಇನ್ನೊಂದು. ಈ ಅಂತರವನ್ನು ಅರಿಯಲು 2008ರ ಚುನಾವಣೆಗಿಂತ ಉತ್ತಮ ನಿದರ್ಶನ ಸಿಗಲಾರದು. ಒಂದು ಚರ್ಚೆ ಮತ್ತು ಒಂದು ಉಪಾಧ್ಯಕ್ಷ ಅಭ್ಯರ್ಥಿಯ ಆಯ್ಕೆ, ಇವೆರಡಕ್ಕೂ ಮತದಾರ ತೋರಿದ ಪ್ರತಿಕ್ರಿಯೆ ಆ ವರ್ಷ ಸ್ಪಷ್ಟವಾಗಿ ದಾಖಲಾಗಿದೆ.

ಹುಟ್ಟುಹಬ್ಬದ ದಿನದ ಅಚ್ಚರಿ

2008ರ ಆಗಸ್ಟ್ 29ರಂದು ರಿಪಬ್ಲಿಕನ್ ಅಭ್ಯರ್ಥಿ ಜಾನ್ ಮೆಕೇನ್ ಅವರಿಗೆ 72 ವರ್ಷ ತುಂಬಿತು. ಅದೇ ದಿನ ಒಹಾಯೊ ರಾಜ್ಯದ ಡೇಟನ್‌ನಲ್ಲಿ ಅವರು ತಮ್ಮ ಉಪಾಧ್ಯಕ್ಷ ಅಭ್ಯರ್ಥಿಯನ್ನು ಪ್ರಕಟಿಸಿದರು. ಆಕೆ ಸಾರಾ ಪೇಲಿನ್, ವಯಸ್ಸು 44, ಅಲಾಸ್ಕದ ಗವರ್ನರ್ ಆಗಿ ಇನ್ನೂ ಎರಡು ವರ್ಷ ಪೂರೈಸದವರು, ಅದಕ್ಕೂ ಹಿಂದೆ ವಸಿಲ್ಲಾ ಎಂಬ ಪುಟ್ಟ ಪಟ್ಟಣದ ಮೇಯರ್. ದೇಶದ ಬಹುಪಾಲು ಮತದಾರರಿಗೆ ಆ ಹೆಸರೇ ಹೊಸದು.

ಲೆಕ್ಕಾಚಾರ ಸ್ಪಷ್ಟವಾಗಿಯೇ ಇತ್ತು. ಡೆಮಾಕ್ರಟಿಕ್ ಪಕ್ಷದ ಒಳಸ್ಪರ್ಧೆಯಲ್ಲಿ ಹಿಲರಿ ಕ್ಲಿಂಟನ್ ಸುಮಾರು 1.8 ಕೋಟಿ ಮತ ಗಳಿಸಿಯೂ ಬರಾಕ್ ಒಬಾಮ ಎದುರು ಸೋತಿದ್ದರು. ಒಬಾಮ ತಮ್ಮ ಜೊತೆಗಾರರಾಗಿ ಹಿಲರಿ ಅವರನ್ನು ಆರಿಸದೆ ಸೆನೆಟರ್ ಜೋ ಬೈಡನ್ ಅವರನ್ನು ಆರಿಸಿದ್ದರು. ಮುನಿದ ಮಹಿಳಾ ಮತದಾರರು ಪೇಲಿನ್ ಕಡೆಗೆ ಬಂದಾರು ಎಂಬುದು ಮೆಕೇನ್ ಬಳಗದ ಒಂದು ನಿರೀಕ್ಷೆ. ಮೆಕೇನ್ ಅವರನ್ನು ಸದಾ ಸಂಶಯದಿಂದ ನೋಡುತ್ತಿದ್ದ ಧಾರ್ಮಿಕ ಸಂಪ್ರದಾಯವಾದಿಗಳು ಹುರುಪುಗೊಂಡಾರು ಎಂಬುದು ಇನ್ನೊಂದು.

ಎರಡನೆಯ ನಿರೀಕ್ಷೆ ಕೂಡಲೇ ಫಲಿಸಿತು. ಸೆಪ್ಟೆಂಬರ್ 3ರಂದು ಸೇಂಟ್ ಪಾಲ್‌ನಲ್ಲಿ ನಡೆದ ಪಕ್ಷದ ಸಮಾವೇಶದಲ್ಲಿ ಪೇಲಿನ್ ಮಾಡಿದ ಭಾಷಣವನ್ನು 3.7 ಕೋಟಿಗೂ ಹೆಚ್ಚು ಜನ ಟಿವಿಯಲ್ಲಿ ನೋಡಿದರು. ಮೆಕೇನ್ ಒಬ್ಬರೇ ಹೋದಾಗ ಸೇರದಿದ್ದ ಜನ ಪೇಲಿನ್ ಜೊತೆಗಿದ್ದಾಗ ಕಿಕ್ಕಿರಿದು ಸೇರತೊಡಗಿದರು. ಸಮಾವೇಶದ ಬೆನ್ನಿಗೇ ಗ್ಯಾಲಪ್ ಸಂಸ್ಥೆಯ ದೈನಂದಿನ ಸಮೀಕ್ಷೆಯಲ್ಲಿ ಮೆಕೇನ್ 5 ಅಂಕಗಳ ಮುನ್ನಡೆ ಪಡೆದರು. ಪಂದ್ಯ ತಿರುಗಿತೆಂದೇ ಹಲವು ಪಂಡಿತರು ಬರೆದರು.

ಆದರೆ ಮೊದಲ ನಿರೀಕ್ಷೆ ಹುಸಿಯಾಯಿತು. ನವೆಂಬರ್‌ನ ಮತದಾನೋತ್ತರ ಸಮೀಕ್ಷೆಯ ಪ್ರಕಾರ ಮಹಿಳೆಯರಲ್ಲಿ ಶೇ. 56 ಮಂದಿ ಒಬಾಮ ಅವರಿಗೂ ಶೇ. 43 ಮಂದಿ ಮೆಕೇನ್ ಅವರಿಗೂ ಮತ ನೀಡಿದ್ದರು. ಮಹಿಳೆ ಎಂಬ ಕಾರಣಕ್ಕೇ ಮಹಿಳೆಯರು ಮತ ನೀಡುತ್ತಾರೆಂಬ ಎಣಿಕೆ ಮತದಾರರನ್ನು ತೀರಾ ಹಗುರವಾಗಿ ಕಂಡಿತ್ತು.

ಮಾರುಕಟ್ಟೆ ಕುಸಿದ ವಾರ

ಸೆಪ್ಟೆಂಬರ್ 15ರಂದು ಲೀಮನ್ ಬ್ರದರ್ಸ್ ದಿವಾಳಿಯಾಯಿತು. ಅದೇ ದಿನ ಮೆಕೇನ್, ದೇಶದ ಆರ್ಥಿಕತೆಯ ಬುನಾದಿ ಗಟ್ಟಿಯಾಗಿಯೇ ಇದೆ ಎಂಬರ್ಥದ ಮಾತನ್ನಾಡಿದರು. ಒಂಬತ್ತು ದಿನಗಳ ನಂತರ, ಸೆಪ್ಟೆಂಬರ್ 24ರಂದು, ಪ್ರಚಾರವನ್ನೇ ಸ್ಥಗಿತಗೊಳಿಸುವುದಾಗಿ ಘೋಷಿಸಿ, ಮೊದಲ ಚರ್ಚೆಯನ್ನು ಮುಂದೂಡಬೇಕೆಂದು ಕೇಳಿದರು. ಅಧ್ಯಕ್ಷನಾದವನು ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಕೆಲಸ ನಿಭಾಯಿಸಬೇಕಾಗುತ್ತದೆ ಎಂಬುದು ಒಬಾಮ ಪ್ರತಿಕ್ರಿಯೆಯಾಗಿತ್ತು. ಕೊನೆಗೆ ಚರ್ಚೆ ನಿಗದಿಯಂತೆಯೇ ಸೆಪ್ಟೆಂಬರ್ 26ರಂದು ಮಿಸಿಸಿಪಿಯ ಆಕ್ಸ್‌ಫರ್ಡ್‌ನಲ್ಲಿ ನಡೆಯಿತು. ಸುಮಾರು 5.2 ಕೋಟಿ ಮಂದಿ ವೀಕ್ಷಿಸಿದರು.

ವಿದೇಶಾಂಗ ನೀತಿ ಅಂದಿನ ವಿಷಯವಾಗಿತ್ತು. ಅದು ಮೆಕೇನ್ ಅವರ ಅಖಾಡ. ವಿಯೆಟ್ನಾಂನಲ್ಲಿ ಐದೂವರೆ ವರ್ಷ ಯುದ್ಧಕೈದಿಯಾಗಿದ್ದ, ಸೆನೆಟ್‌ನಲ್ಲಿ ಎರಡು ದಶಕ ಕಳೆದಿದ್ದ ಅವರ ಮುಂದೆ ಮೊದಲ ಅವಧಿಯ ಸೆನೆಟರ್ ನಿಂತಿದ್ದರು. ಎದುರಾಳಿಗೆ ವಿಷಯ ಅರ್ಥವಾಗಿಲ್ಲ ಎಂದು ಮೆಕೇನ್ ಪದೇ ಪದೇ ಹೇಳಿದರು. ಆದರೆ ಆ ಎದುರಾಳಿಯ ಮುಖವನ್ನು ಅವರು ಬಹುಮಟ್ಟಿಗೆ ನೋಡಲೇ ಇಲ್ಲ ಎಂಬುದನ್ನು ವೀಕ್ಷಕರು ಗಮನಿಸಿದರು. ವಾದದ ಅಂಶಗಳಲ್ಲಿ ಇಬ್ಬರೂ ಸಮಬಲರೆಂದು ಹಲವು ವ್ಯಾಖ್ಯಾನಕಾರರು ತೀರ್ಪಿತ್ತರು. ಮತದಾರರ ತೀರ್ಪು ಬೇರೆಯಾಗಿತ್ತು: ಸಿಎನ್‌ಎನ್ ಸಮೀಕ್ಷೆಯಲ್ಲಿ ಒಬಾಮ ಪರ ಶೇ. 51, ಮೆಕೇನ್ ಪರ ಶೇ. 38.

ಈ ವ್ಯತ್ಯಾಸಕ್ಕೆ ಕಾರಣವೇನು? ಒಬಾಮ ಬಗ್ಗೆ ಮತದಾರರಲ್ಲಿದ್ದ ಸಂದೇಹ ಒಂದೇ: ಈ ಯುವಕನಿಗೆ ಅನುಭವ ಸಾಲದೇನೋ? ತೊಂಬತ್ತು ನಿಮಿಷ ಹಿರಿಯ ಸೆನೆಟರ್ ಪಕ್ಕದಲ್ಲಿ ವಿಚಲಿತರಾಗದೆ ನಿಂತದ್ದೇ ಆ ಸಂದೇಹಕ್ಕೆ ಉತ್ತರವಾಯಿತು. ಅವರು ಹೆಚ್ಚು ಅಂಕ ಗಳಿಸಬೇಕಾಗಿರಲಿಲ್ಲ, ಕಡಿಮೆಯಾಗಿ ಕಾಣದಿದ್ದರೆ ಸಾಕಿತ್ತು. 1960ರ ಇದೇ ಸೆಪ್ಟೆಂಬರ್ 26ರಂದು ಜಾನ್ ಕೆನಡಿ ಷಿಕಾಗೋದಲ್ಲಿ ರಿಚರ್ಡ್ ನಿಕ್ಸನ್ ಎದುರು ಸಾಧಿಸಿದ್ದೂ ಇದನ್ನೇ. 1980ರಲ್ಲಿ ಯುದ್ಧಕೋರನೆಂಬ ಶಂಕೆಗೊಳಗಾಗಿದ್ದ ರೊನಾಲ್ಡ್ ರೇಗನ್ ಸೌಮ್ಯವಾಗಿ ನಗುತ್ತಾ ನಿಂತು ಆ ಶಂಕೆ ನಿವಾರಿಸಿಕೊಂಡದ್ದೂ ಹೀಗೆಯೇ.

"ನಿರೀಕ್ಷೆಗಿಂತ ಮೇಲು" ಎಂಬ ಮಾತಿನ ಒಳಗುಟ್ಟು

ಅಕ್ಟೋಬರ್ 2ರಂದು ಸೇಂಟ್ ಲೂಯಿಸ್‌ನಲ್ಲಿ ಪೇಲಿನ್ ಮತ್ತು ಬೈಡನ್ ನಡುವೆ ಚರ್ಚೆ ನಡೆಯಿತು. ಸುಮಾರು 7 ಕೋಟಿ ಜನ ನೋಡಿದರು. ಅಧ್ಯಕ್ಷೀಯ ಅಭ್ಯರ್ಥಿಗಳ ಮೂರು ಚರ್ಚೆಗಳಲ್ಲಿ ಯಾವುದಕ್ಕೂ ಆ ವರ್ಷ ಅಷ್ಟು ವೀಕ್ಷಕರಿರಲಿಲ್ಲ. ಕುತೂಹಲಕ್ಕೆ ಕಾರಣವಿತ್ತು. ಅದಕ್ಕೆ ತುಸು ಮುಂಚೆ ಸಿಬಿಎಸ್ ವಾಹಿನಿಯ ಕೇಟಿ ಕ್ಯೂರಿಕ್ ನಡೆಸಿದ ಸಂದರ್ಶನದಲ್ಲಿ, ತಾವು ಓದುವ ಪತ್ರಿಕೆಗಳಾವುವು ಎಂಬ ಸರಳ ಪ್ರಶ್ನೆಗೂ ಪೇಲಿನ್ ಒಂದು ಹೆಸರನ್ನೂ ಹೇಳಿರಲಿಲ್ಲ.

ಒಹಾಯೊದಲ್ಲಿ ಒಂದೆಡೆ ಕೂರಿಸಿದ್ದ, ಇನ್ನೂ ನಿರ್ಧರಿಸದ ಮತದಾರರ ಕೈಗೆ ಸಿಎನ್‌ಎನ್ ಪುಟ್ಟ ಉಪಕರಣವೊಂದನ್ನು ಕೊಟ್ಟಿತ್ತು. ಮಾತು ಮೆಚ್ಚುಗೆಯಾದರೆ ಗುಂಡಿಯನ್ನು ಒಂದು ಕಡೆ, ಬೇಸರವಾದರೆ ಇನ್ನೊಂದು ಕಡೆ ತಿರುಗಿಸಬೇಕು. ಪರದೆಯ ಕೆಳಗೆ ಗೆರೆ ಏರಿಳಿಯುತ್ತಿತ್ತು. ಮನಸ್ಸಿನ ಕ್ಷಣಿಕ ಕಂಪನವನ್ನು ಅದು ತೋರಿಸಿತು. ತೀರ್ಮಾನವನ್ನು ತೋರಿಸುವ ಶಕ್ತಿ ಅಂಥ ಗೆರೆಗಿಲ್ಲ.

ಚರ್ಚೆಯ ನಂತರದ ಸಮೀಕ್ಷೆ ಹೆಚ್ಚು ಬೋಧಪ್ರದವಾಗಿದೆ. ಪೇಲಿನ್ ನಿರೀಕ್ಷೆಗಿಂತ ಚೆನ್ನಾಗಿ ಮಾತನಾಡಿದರೆಂದು ಶೇ. 84 ಮಂದಿ ಹೇಳಿದರು. ಆದರೆ ಗೆದ್ದವರು ಯಾರೆಂದರೆ ಶೇ. 51 ಮಂದಿಯ ಉತ್ತರ ಬೈಡನ್. ಪೇಲಿನ್ ಎಂದವರು ಶೇ. 36. ಮೆಚ್ಚುಗೆ ಬೇರೆ, ಒಪ್ಪಿಗೆ ಬೇರೆ ಎಂಬುದನ್ನು ಈ ಎರಡು ಅಂಕಿಗಳು ಹೇಳುತ್ತವೆ. ಎಡವಿ ಬೀಳುವರೆಂದು ಭಾವಿಸಿದ್ದ ಹುಡುಗಿ ನೆಟ್ಟಗೆ ನಡೆದಳೆಂದು ಚಪ್ಪಾಳೆ ತಟ್ಟಿದ ಮನೆಯವರೇ, ಮನೆಯ ಬೀಗದ ಕೈ ಕೊಡುವಾಗ ಯೋಚಿಸಿದಂತೆ.

ನವೆಂಬರ್ 4ರ ಮತದಾನೋತ್ತರ ಸಮೀಕ್ಷೆಯಲ್ಲಿ, ಅಗತ್ಯ ಬಿದ್ದರೆ ಅಧ್ಯಕ್ಷರಾಗಲು ಪೇಲಿನ್ ಅರ್ಹರಲ್ಲ ಎಂದವರು ಶೇ. 60. ಒಬಾಮ 365 ಎಲೆಕ್ಟೋರಲ್ ಮತ ಪಡೆದರೆ ಮೆಕೇನ್ ಅವರಿಗೆ ದಕ್ಕಿದ್ದು 173.

ಈ ಸೋಲನ್ನು ಪೇಲಿನ್ ತಲೆಗೇ ಕಟ್ಟುವುದು ನ್ಯಾಯವಲ್ಲ. ಅದೇ ಸಮೀಕ್ಷೆಯಲ್ಲಿ ಶೇ. 63 ಮತದಾರರು ಆರ್ಥಿಕತೆಯೇ ಅತಿಮುಖ್ಯ ವಿಷಯವೆಂದಿದ್ದರು. ಎಂಟು ವರ್ಷಗಳ ಬುಷ್ ಆಡಳಿತದ ಕೊನೆಯಲ್ಲಿ, ಬ್ಯಾಂಕುಗಳು ಉರುಳುತ್ತಿದ್ದಾಗ, ಆಳುವ ಪಕ್ಷಕ್ಕೆ ಗೆಲುವು ಹೇಗೂ ಕಷ್ಟವಿತ್ತು. 1988ರಲ್ಲಿ ಡಾನ್ ಕ್ವೇಲ್ ಉಪಾಧ್ಯಕ್ಷ ಅಭ್ಯರ್ಥಿಗಳ ಚರ್ಚೆಯಲ್ಲಿ ಲಾಯ್ಡ್ ಬೆಂಟ್ಸನ್ ಎದುರು ನಗೆಪಾಟಲಾದರೂ ಅವರ ನಾಯಕ ಹಿರಿಯ ಬುಷ್ 40 ರಾಜ್ಯಗಳಲ್ಲಿ ಗೆದ್ದಿದ್ದರು. ಆಗ ಆರ್ಥಿಕತೆ ಚೆನ್ನಾಗಿತ್ತು, ಹಿರಿಯ ಬುಷ್ ಅವರ ಆರೋಗ್ಯದ ಬಗ್ಗೆ ಚಿಂತೆಯಿರಲಿಲ್ಲ. 2008ರಲ್ಲಿ ಹಾಗಿರಲಿಲ್ಲ. 72 ವರ್ಷದ, ಚರ್ಮದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದಿದ್ದ ಅಭ್ಯರ್ಥಿಯ ಪಕ್ಕದಲ್ಲಿ ನಿಂತವರ ಅರ್ಹತೆ ಮತದಾರರಿಗೆ ಮುಖ್ಯವಾಯಿತು. ಅನುಭವವೇ ತಮ್ಮ ಬಂಡವಾಳವೆಂದು ಹೇಳಿಕೊಂಡಿದ್ದ ಮೆಕೇನ್, ಆ ಆಯ್ಕೆಯ ಮೂಲಕ ತಮ್ಮ ವಾದವನ್ನು ತಾವೇ ದುರ್ಬಲಗೊಳಿಸಿಕೊಂಡರು. ರಿಪಬ್ಲಿಕನ್ ಪಕ್ಷದವರೇ ಆದ ಕಾಲಿನ್ ಪೊವೆಲ್ ಅಕ್ಟೋಬರ್ 19ರಂದು ಒಬಾಮ ಅವರಿಗೆ ಬೆಂಬಲ ಘೋಷಿಸುವಾಗ ಎತ್ತಿದ ಕಾರಣಗಳಲ್ಲಿ ಇದೂ ಒಂದು. ಸೆನೆಟರ್ ಜೋ ಲೀಬರ್‌ಮನ್ ಅವರನ್ನು ಆರಿಸದಿದ್ದುದಕ್ಕೆ ವಿಷಾದವಿದೆಯೆಂದು 2018ರಲ್ಲಿ, ತಮ್ಮ ಬದುಕಿನ ಕೊನೆಯ ದಿನಗಳಲ್ಲಿ, ಮೆಕೇನ್ ಒಪ್ಪಿಕೊಂಡರು.

ನಮ್ಮ ಉಪರಾಷ್ಟ್ರಪತಿಯಂತಲ್ಲ

ಈ ಎರಡನೆಯ ಹುದ್ದೆಗೇಕೆ ಇಷ್ಟು ಮಹತ್ವ ಎಂದು ಕನ್ನಡದ ಓದುಗರು ಕೇಳಬಹುದು. ನಮ್ಮಲ್ಲಿ 1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ನಿಧನರಾದಾಗ, ಕರ್ನಾಟಕದವರೇ ಆದ ಉಪರಾಷ್ಟ್ರಪತಿ ಬಿ.ಡಿ. ಜತ್ತಿ ಹಂಗಾಮಿ ರಾಷ್ಟ್ರಪತಿಯಾದರು. ಆದರೆ ಅದು ಅದೇ ಜುಲೈ 25ರವರೆಗೆ ಮಾತ್ರ. ಆರು ತಿಂಗಳೊಳಗೆ ಹೊಸ ರಾಷ್ಟ್ರಪತಿಯ ಚುನಾವಣೆ ನಡೆಯಬೇಕೆಂಬುದು ನಮ್ಮ ಸಂವಿಧಾನದ ನಿಯಮ. ಮೇಲಾಗಿ, ನಮ್ಮಲ್ಲಿ ನಿಜವಾದ ಅಧಿಕಾರ ಪ್ರಧಾನಿಯದು.

ಅಮೆರಿಕದಲ್ಲಿ ಹಾಗಲ್ಲ. ಅಧ್ಯಕ್ಷ ಸತ್ತರೆ ಅಥವಾ ರಾಜೀನಾಮೆ ಕೊಟ್ಟರೆ ಉಪಾಧ್ಯಕ್ಷ ಉಳಿದ ಅವಧಿ ಪೂರ್ತಿ ಅಧ್ಯಕ್ಷನೇ. ಹೀಗೆ ಒಂಬತ್ತು ಮಂದಿ ಶ್ವೇತಭವನ ಪ್ರವೇಶಿಸಿದ್ದಾರೆ: ಎಂಟು ಬಾರಿ ಸಾವಿನಿಂದ, 1974ರಲ್ಲಿ ನಿಕ್ಸನ್ ರಾಜೀನಾಮೆಯಿಂದ. ಇಷ್ಟಾದರೂ ಮತಪತ್ರದಲ್ಲಿ ಇಬ್ಬರಿಗೂ ಸೇರಿ ಒಂದೇ ಮತ. ಮೊದಲ ಹೆಸರು ಇಷ್ಟ, ಎರಡನೆಯದು ಬೇಡ ಎನ್ನುವ ಅವಕಾಶ ಮತದಾರರಿಗಿಲ್ಲ. ಆಯ್ಕೆ ಮಾಡುವವರು ಅಧ್ಯಕ್ಷ ಅಭ್ಯರ್ಥಿ; ಪರಿಣಾಮ ಉಣ್ಣುವವರು ಮತದಾರರು.

ಒಂದು ಚರ್ಚೆ ಬದಲಿಸಿದ ಅಭ್ಯರ್ಥಿ

2024ರ ಜೂನ್ 27ರಂದು ಅಟ್ಲಾಂಟಾದಲ್ಲಿ ನಡೆದ ಚರ್ಚೆ ಈ ವಾದಕ್ಕೆ ಮತ್ತೊಂದು ಪುರಾವೆ. ಅಧ್ಯಕ್ಷ ಬೈಡನ್ ಅವರಿಗೆ ಆಗ 81 ವರ್ಷ. ವಯಸ್ಸಿನ ಬಗ್ಗೆ ಮತದಾರರಲ್ಲಿ ಸಂದೇಹ ಬಹಳ ಹಿಂದೆಯೇ ಬೇರೂರಿತ್ತು. ಅಂದು ಅವರ ತಡವರಿಕೆ, ಕ್ಷೀಣ ಧ್ವನಿ ಅದನ್ನು ದೃಢಪಡಿಸಿದವು. ಚರ್ಚೆ ನೋಡಿದವರಲ್ಲಿ ಶೇ. 67 ಮಂದಿ ಟ್ರಂಪ್ ಗೆದ್ದರೆಂದರು. ಆ ರಾತ್ರಿ ಮತದಾರರು ಹೊಸದೇನನ್ನೂ ಕಲಿಯಲಿಲ್ಲ. ತಾವು ಹೇಳುತ್ತಾ ಬಂದದ್ದನ್ನು ಪಕ್ಷದ ಹಿರಿಯರು ಮೊದಲ ಬಾರಿಗೆ ಕಣ್ಣಾರೆ ಕಂಡರು. ಜುಲೈ 21ರಂದು ಬೈಡನ್ ಕಣದಿಂದ ಹಿಂದೆ ಸರಿದರು.

ಅವರ ಸ್ಥಾನಕ್ಕೆ ಬಂದವರು ಕಮಲಾ ಹ್ಯಾರಿಸ್. ಅಂದರೆ 2020ರ ಆಗಸ್ಟ್ 11ರಂದು ಬೈಡನ್ ಮಾಡಿದ ಉಪಾಧ್ಯಕ್ಷ ಆಯ್ಕೆಯೇ 2024ರ ಅಭ್ಯರ್ಥಿಯನ್ನು ನಿರ್ಧರಿಸಿತು. ಸೆಪ್ಟೆಂಬರ್‌ನ ಚರ್ಚೆಯಲ್ಲಿ ಹ್ಯಾರಿಸ್ ಮಾತಿನಲ್ಲಿ ಮೇಲುಗೈ ಸಾಧಿಸಿದರೂ, ಬೆಲೆಯೇರಿಕೆಯಿಂದ ಬೇಸತ್ತಿದ್ದ ಮತದಾರರ ಪ್ರಶ್ನೆ ಬೇರೆಯಿತ್ತು: ಈಗಿನ ಆಡಳಿತಕ್ಕಿಂತ ನೀವು ಹೇಗೆ ಭಿನ್ನ? ಅದೇ ಆಡಳಿತದ ಉಪಾಧ್ಯಕ್ಷೆಗೆ ಅದು ಕಠಿಣ ಪ್ರಶ್ನೆ. ಚರ್ಚೆ ಗೆದ್ದರೂ ಸಂದೇಹ ಉಳಿಯಿತು. ಅಕ್ಟೋಬರ್ 1ರಂದು ಜೆ.ಡಿ. ವ್ಯಾನ್ಸ್ ಮತ್ತು ಟಿಮ್ ವಾಲ್ಜ್ ನಡುವೆ ನಡೆದ ಚರ್ಚೆಯಲ್ಲಿ ಸಿಎನ್‌ಎನ್ ಸಮೀಕ್ಷೆ 51-49 ಎಂಬಷ್ಟು ಸಮಬಲ ತೋರಿಸಿತು. ಅಂತಿಮ ಫಲಿತಾಂಶದ ಮೇಲೆ ಅದರ ಪ್ರಭಾವ ಗೋಚರಿಸಲಿಲ್ಲ.

ನಮಗೇನು?

ದೂರದ ದೇಶದ ಮತದಾರ ಏನನ್ನು ತೂಗಿದರೆ ನಮಗೇನೆಂದು ಬೆಂಗಳೂರು ಹೇಳುವಂತಿಲ್ಲ. 2009ರ ಮೇ ತಿಂಗಳಲ್ಲಿ ಅಧ್ಯಕ್ಷ ಒಬಾಮ ತೆರಿಗೆ ನೀತಿಯ ಬಗ್ಗೆ ಮಾತನಾಡುತ್ತಾ, ನ್ಯೂಯಾರ್ಕ್ ರಾಜ್ಯದ ಬಫಲೊಗೆ ಎದುರಾಗಿ ಹೆಸರಿಸಿದ್ದು ನಮ್ಮ ಬೆಂಗಳೂರನ್ನೇ. 2025ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಹೊಸ ಎಚ್-1ಬಿ ವೀಸಾ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದಾಗ ಕಂಪಿಸಿದ್ದು ಇಲ್ಲಿನ ಸಾಫ್ಟ್‌ವೇರ್ ಉದ್ಯಮ. ಚರ್ಚೆಗಳ ಸ್ಕೋರು ನೋಡಿ ಮುಂದಿನ ಅಧ್ಯಕ್ಷರನ್ನು ಊಹಿಸಿದವರು 2024ರಲ್ಲಿ ಎಡವಿದರು.

ಆದ್ದರಿಂದ ಮುಂದಿನ ಚರ್ಚೆಯ ಮರುದಿನ "ಗೆದ್ದವರು ಯಾರು?" ಎಂದು ಕೇಳುವ ಬದಲು, "ಮತದಾರನ ಹಳೆಯ ಸಂದೇಹಗಳಲ್ಲಿ ಯಾವುದು ಕರಗಿತು, ಯಾವುದು ಗಟ್ಟಿಯಾಯಿತು?" ಎಂದು ಕೇಳುವುದು ಲೇಸು. ಹಾಗೆಯೇ ಎರಡನೆಯ ಹೆಸರನ್ನೂ ಗಮನವಿಟ್ಟು ಓದಬೇಕು. 2008ರಲ್ಲಿ ಜನ ಕಣ್ಣುಮಿಟುಕಿಸದೆ ನೋಡಿದ್ದು ಸಾರಾ ಪೇಲಿನ್ ಅವರನ್ನು. ಆದರೆ ಆ ವೇದಿಕೆಯಿಂದ ಹನ್ನೆರಡು ವರ್ಷಗಳ ನಂತರ ಅಧ್ಯಕ್ಷ ಚುನಾವಣೆ ಗೆದ್ದವರು ಪಕ್ಕದಲ್ಲಿ ನಿಂತಿದ್ದ, ಆಗ ಯಾರೂ ಅಷ್ಟಾಗಿ ಗಮನಿಸದಿದ್ದ ಜೋ ಬೈಡನ್.